ನಾಯಿ ಪೆಟ್ಟಿಗೆಗೆ ಫ್ಯಾನ್: ಗಾಳಿ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು

ನಮ್ಮ ಪಿಕಪ್ ಗಾಡಿಯ ಹಿಂದೆ ಕೂರಿಸಿರುವ ನಾಯಿ ಪೆಟ್ಟಿಗೆ ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಎಷ್ಟ್ ಫ್ಯಾನ್ ಹಾಕ್ಸೀರ್ರಿ?" ಎರಡು ಅಂದರೆ, "ಸಾಕಾಗ್ತಾವೇನ್ರಿ?" ಅಂತ ಇನ್ನೊಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಬೇರೆ ಮೂರು ವಿಷಯ ಗೊತ್ತಿರಬೇಕು. ಪೆಟ್ಟಿಗೆಯ ಮೇಲೆ ಬಿಸಿಲು ಎಷ್ಟು ಬೀಳುತ್ತದೆ? ಒಳಗೆ ಬಂದ ಗಾಳಿ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ಗಾಡಿ ನಿಂತಾಗ ಫ್ಯಾನಿಗೆ ಕರೆಂಟು ಎಲ್ಲಿಂದ ಬರುತ್ತದೆ? ಇವು ಗೊತ್ತಿಲ್ಲದೆ ಆರು ಫ್ಯಾನ್ ಹಾಕಿದರೂ ಒಳಗಿರುವ ನಾಯಿಗೆ ಉಪಯೋಗವಾಗದೇ ಹೋಗಬಹುದು.

ನಮ್ಮಲ್ಲಿರುವುದು ಎರಡು ಮುಧೋಳ ನಾಯಿಗಳು, ಕೆಂಚ ಮತ್ತು ಬೆಳ್ಳಿ. ಒಂದೊಂದೂ ಸುಮಾರು 25 ಕಿಲೋ. ವರ್ಷಕ್ಕೆ ಮೂರ್ನಾಲ್ಕು ಸಲ ಮುಧೋಳದಿಂದ ಬೆಂಗಳೂರಿಗೆ, ಮತ್ತೆ ಬೆಂಗಳೂರಿನಿಂದ ಊರಿಗೆ ಓಡಾಟ. ಇಳಕಲ್, ಹೊಸಪೇಟೆ, ಚಿತ್ರದುರ್ಗ, ತುಮಕೂರು ದಾರಿ. ಇಡೀ ದಿನದ ಪ್ರಯಾಣ. ಬಾಗಲಕೋಟೆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಪೆಟ್ಟಿಗೆಯನ್ನು ನಾವು ಎರಡು ಸಲ ಮಾಡಿಸಿದ್ದೇವೆ. ಎರಡನೆಯದನ್ನು ಮಾಡಿಸುವಾಗ ಲೆಕ್ಕ ಹಾಕಿ ಮಾಡಿಸಿದೆವು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಹೊರಗಿನ ಗಾಳಿ 38 ಡಿಗ್ರಿ ಇದ್ದರೆ ಅದು ಒಳಗೆ ತರುವುದೂ 38 ಡಿಗ್ರಿ ಗಾಳಿಯನ್ನೇ. ಒಳಗಿನ ಸ್ಥಿತಿ ಹೊರಗಿಗಿಂತ ತೀರಾ ಕೆಡದ ಹಾಗೆ ನೋಡಿಕೊಳ್ಳುವುದು ಅದರ ಕೈಲಾಗುವ ಕೆಲಸ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನಾಯಿ ಹೇಗೆ ತಣ್ಣಗಾಗುತ್ತದೆ?

ನಮಗೆ ಫ್ಯಾನ್ ಕೆಳಗೆ ಕೂತರೆ ಹಾಯೆನಿಸುತ್ತದೆ. ಮೈಮೇಲಿನ ಬೆವರು ಆರುವಾಗ ಮೈ ಬಿಸಿಯನ್ನೂ ಒಯ್ಯುತ್ತದೆ, ಅದಕ್ಕೆ. ನಾಯಿಗೆ ಆ ಅನುಕೂಲ ಇಲ್ಲ. ಅದು ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಸ್ವಲ್ಪ. ಹಾಗಾಗಿ ಒಣ ಮೈಯ ನಾಯಿಗೆ ಫ್ಯಾನ್ ಗಾಳಿ ಬಡಿದರೆ ನಮಗೆ ಸಿಗುವಷ್ಟು ಸುಖ ಅದಕ್ಕೆ ಸಿಗುವುದಿಲ್ಲ.

ನಾಯಿಯ ಆಸರೆ ಅಂದರೆ ತೇಕುವುದು. ಬಾಯಿ ತೆರೆದು, ನಾಲಿಗೆ ಚಾಚಿ, ನಿಮಿಷಕ್ಕೆ 200, 300 ಸಲ ಉಸಿರಾಡುತ್ತದೆ. ಸುಮ್ನೆ ಮಲಗಿದ್ದಾಗ ಇದು 10ರಿಂದ 35 ಸಲ ಅಷ್ಟೇ. ತೇಕುವಾಗ ನಾಲಿಗೆ, ಬಾಯಿ, ಮೂಗಿನ ಒಳಗಿನ ನೀರಿನಂಶ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 580 ಕ್ಯಾಲೊರಿ ಬಿಸಿ ದೇಹದಿಂದ ಹೊರಗೆ ಹೋಗುತ್ತದೆ. ನಾಯಿಯ ಮೈ ಬಿಸಿ ಮಾಮೂಲಾಗಿ 38.3ರಿಂದ 39.2 ಡಿಗ್ರಿ. 41 ಮುಟ್ಟಿತು ಅಂದರೆ ಜೀವಕ್ಕೆ ಅಪಾಯ. ನಡುವಿನ ಅಂತರ ಎರಡು ಡಿಗ್ರಿ ಮಾತ್ರ ನೋಡಿ. ಅಷ್ಟರೊಳಗೆ ಉಳಿಯಲು ನಾಯಿ ತೇಕುತ್ತಲೇ ಇರಬೇಕು, ತೇಕಿದ್ದು ಫಲ ಕೊಡಲೂ ಬೇಕು.

ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಫಲ ಕೊಡುವುದಿಲ್ಲ. ಯಾಕೆ ಅಂತ ನಮ್ಮ ಪೆಟ್ಟಿಗೆಯ ಲೆಕ್ಕದಲ್ಲೇ ನೋಡೋಣ. ಉದ್ದ 4 ಅಡಿ, ಅಗಲ 3 ಅಡಿ, ಎತ್ತರ 3 ಅಡಿ. ಒಟ್ಟು 36 ಘನ ಅಡಿ, ಅಂದರೆ ಸುಮಾರು 1 ಘನ ಮೀಟರ್ ಗಾಳಿ. 25 ಕಿಲೋ ನಾಯಿ ಸುಮ್ನೆ ಮಲಗಿದ್ದರೂ ಅದರ ಮೈಯಿಂದ ಹೆಚ್ಚುಕಡಿಮೆ 38 ವ್ಯಾಟ್ ಬಿಸಿ ಬರುತ್ತಿರುತ್ತದೆ. ಗಾಡಿಯಲ್ಲಿ ಕುಲುಕಾಟ, ಸದ್ದು, ಗಾಬರಿ. ತೇಕುವುದಕ್ಕೂ ಶಕ್ತಿ ಬೇಕು. ಅದಕ್ಕೆ ಒಂದೊಂದಕ್ಕೆ 75 ವ್ಯಾಟ್ ಅಂತ ಹಿಡಿಯೋಣ, ಎರಡಕ್ಕೆ 150. ಈ ಬಿಸಿಯನ್ನೆಲ್ಲ ತೇಕಿಯೇ ಹೊರಹಾಕಬೇಕು ಅಂದರೆ ಗಂಟೆಗೆ 225 ಗ್ರಾಂ ನೀರು ಆವಿಯಾಗಬೇಕು. ಒಂದು ದೊಡ್ಡ ಲೋಟ ನೀರು.

ಆ ಆವಿ ಹೋಗುವುದೆಲ್ಲಿಗೆ? 35 ಡಿಗ್ರಿಯ 1 ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳುವುದೇ ಹೆಚ್ಚೆಂದರೆ 40 ಗ್ರಾಂ ಆವಿ. ಅದರಲ್ಲಿ ಅರ್ಧ ಮೊದಲೇ ತುಂಬಿದ್ದರೆ, ಬಾಗಿಲು ಹಾಕಿದ ಐದಾರು ನಿಮಿಷದಲ್ಲಿ ಪೆಟ್ಟಿಗೆ ಆವಿಯಿಂದ ತುಂಬಿಹೋಗುತ್ತದೆ. ಆಮೇಲೆ ನಾಯಿ ಎಷ್ಟು ತೇಕಿದರೂ ನಾಲಿಗೆಯ ನೀರು ಆರುವುದಿಲ್ಲ. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲವಲ್ಲ, ಅದೇ ಕಾರಣ. ತೇಕುವ ಶ್ರಮಕ್ಕೆ ಮೈ ಇನ್ನೂ ಬಿಸಿಯಾಗುತ್ತದೆ. ಪಗ್, ಬುಲ್‌ಡಾಗ್‌ನಂಥ ಮೊಂಡು ಮೂಗಿನ ನಾಯಿಗಳು ಈ ಹಂತಕ್ಕೆ ಇನ್ನೂ ಬೇಗ ಬರುತ್ತವೆ, ಅವುಗಳ ಉಸಿರಿನ ದಾರಿಯೇ ಕಿರಿದು. ಮುಧೋಳಕ್ಕೆ ಉದ್ದ ಮೂತಿ, ತೆಳು ಕೂದಲು, ಸಪೂರ ಮೈ ಇದೆ. ಆದರೂ ಆವಿ ತುಂಬಿದ ಪೆಟ್ಟಿಗೆಯಲ್ಲಿ ಇವೆಲ್ಲ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಫ್ಯಾನಿನ ಮೊದಲ ಕೆಲಸ ಈ ಆವಿಯನ್ನು ಹೊರಗೆ ಎಸೆಯುವುದು. ಉಸಿರಾಡಲು ಬೇಕಾಗುವ ಗಾಳಿ ಅದಕ್ಕೆ ಹೋಲಿಸಿದರೆ ಕಡಿಮೆ. ಎರಡು ನಾಯಿಗಳ ಉಸಿರಿಗೆ ಗಂಟೆಗೆ 15, 20 ಘನ ಮೀಟರ್ ಹೊಸ ಗಾಳಿ ಬಂದರೆ ನಡೆಯುತ್ತದೆ. ಬಿಸಿ, ಆವಿ ಎರಡೂ ಹೋಗಬೇಕು ಅಂದರೆ ಅದರ ಎಂಟು ಹತ್ತು ಪಟ್ಟು ಬೇಕು. "ನಾಲ್ಕು ತೂತು ಹೊಡೆದಿದ್ದೀವಿ, ಉಸಿರಾಡೋಕೆ ಗಾಳಿ ಬರುತ್ತೆ" ಅನ್ನುವವರು ಎಡವುವುದು ಇಲ್ಲೇ.

ಎಷ್ಟು ಗಾಳಿ ಬೇಕು?

ಲೆಕ್ಕ ಸರಳ. 1 ಘನ ಮೀಟರ್ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಬೇಕು. ಒಳಗೆ ಹುಟ್ಟುವ ಬಿಸಿ 150 ವ್ಯಾಟ್, ಅಂದರೆ ಸೆಕೆಂಡಿಗೆ 150 ಜೂಲ್. ಹೊರಗಿಗಿಂತ ಒಳಗೆ 3 ಡಿಗ್ರಿಗಿಂತ ಜಾಸ್ತಿ ಆಗಬಾರದು ಅಂತ ಇಟ್ಟುಕೊಂಡರೆ ಗಂಟೆಗೆ 150 ಘನ ಮೀಟರ್ ಗಾಳಿ ಸಾಗಬೇಕು. ಫ್ಯಾನ್ ಅಂಗಡಿಯ ಭಾಷೆಯಲ್ಲಿ ಹೇಳಿದರೆ ಸುಮಾರು 90 ಸಿ.ಎಫ್.ಎಂ., ಅಂದರೆ ನಿಮಿಷಕ್ಕೆ 90 ಘನ ಅಡಿ. ಪೆಟ್ಟಿಗೆಯ ಗಾಳಿ ಪೂರ್ತಿ 24 ಸೆಕೆಂಡಿಗೊಮ್ಮೆ ಬದಲಾದ ಹಾಗೆ. ಇಷ್ಟು ಗಾಳಿ ಸಾಗಿದರೆ ಗಂಟೆಗೆ 225 ಗ್ರಾಂ ಆವಿಯೂ ಸಲೀಸಾಗಿ ಹೋಗುತ್ತದೆ. ಒಂದೊಂದು ಘನ ಮೀಟರ್ ಗಾಳಿ ಒಂದೂವರೆ ಗ್ರಾಂ ಹೊತ್ತರೆ ಸಾಕು.

90 ಸಿ.ಎಫ್.ಎಂ. ಫ್ಯಾನ್ ಒಂದು ತಂದರೆ ಮುಗಿಯಿತಲ್ಲ ಅನಿಸಬಹುದು. ಮುಗಿಯುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವ ಅಂಕಿ ಎದುರಿಗೆ ಯಾವ ತಡೆಯೂ ಇಲ್ಲದಾಗಿನದು. ಅದೇ ಫ್ಯಾನಿಗೆ ಹಿಂದೊಂದು ಜಾಲರಿ, ಮುಂದೊಂದು ಜಾಲರಿ ಬಂದರೆ, ಅದರ ಮೇಲೆ ಎರೆ ಮಣ್ಣಿನ ಧೂಳು ಕೂತರೆ, ಅರ್ಧ ಸಿಕ್ಕರೂ ದೊಡ್ಡದು. ಅದಕ್ಕೆ ಲೆಕ್ಕದಲ್ಲಿ ಬಂದದ್ದರ ಎರಡು ಪಟ್ಟು ತರಬೇಕು. ನಾವು 120 ಮಿಲಿಮೀಟರಿನ, ತಲಾ 90 ಸಿ.ಎಫ್.ಎಂ. ಆಸುಪಾಸಿನ ಎರಡು ಫ್ಯಾನ್ ಹಾಕಿದ್ದು ಈ ಕಾರಣಕ್ಕೆ. ಒಂದು ಕೆಟ್ಟರೂ ಇನ್ನೊಂದು ಓಡುತ್ತಿರಲಿ ಅನ್ನುವುದೂ ಇತ್ತು. ಯಾವ ಕಾರಣಕ್ಕೂ ಒಂದೇ ಫ್ಯಾನ್ ನಂಬಿಕೊಂಡು ಹೊರಡಬೇಡಿ.

ಬಿಸಿಲು ಬಂದರೆ ಲೆಕ್ಕವೆಲ್ಲ ತಲೆಕೆಳಗು

ಇಲ್ಲಿಯವರೆಗೆ ನಾಯಿಯ ಮೈ ಬಿಸಿ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು. ಈಗ ಪೆಟ್ಟಿಗೆಯ ಮಾಡು, ಅಂದರೆ ಮೇಲ್ಛಾವಣಿ, ನೋಡಿ. 4 ಅಡಿ ಉದ್ದ, 3 ಅಡಿ ಅಗಲ. ನಡು ಮಧ್ಯಾಹ್ನ ಅದರ ಮೇಲೆ ಬೀಳುವ ಬಿಸಿಲು 1,000 ವ್ಯಾಟ್ ಹತ್ತಿರ. ಎರಡು ನಾಯಿಗಳ ಬಿಸಿಗಿಂತ ಆರೇಳು ಪಟ್ಟು! ಕಪ್ಪು ಬಣ್ಣದ ತಗಡಾದರೆ ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಎಲ್ಲವೂ ಒಳಗೆ ಇಳಿಯುವುದಿಲ್ಲ, ಸ್ವಲ್ಪ ಹೊರಗಿನ ಗಾಳಿಗೆ ಹೋಗುತ್ತದೆ. 300 ವ್ಯಾಟ್ ಮಾತ್ರ ಇಳಿಯಿತು ಅಂದುಕೊಂಡರೂ ಒಳಗಿನ ಬಿಸಿ 450 ವ್ಯಾಟ್ ಆಯಿತು. ಮೇಲೆ ಹೇಳಿದ ಅದೇ ಗಾಳಿಗೆ ಈಗ ಒಳಗೆ 3 ಡಿಗ್ರಿ ಬದಲು 9 ಡಿಗ್ರಿ ಜಾಸ್ತಿ. ಹೊರಗೆ 34 ಇದ್ದರೆ ಒಳಗೆ 43.

ಇದನ್ನು ಸರಿಮಾಡಲು ಇನ್ನೂ ನಾಲ್ಕು ಫ್ಯಾನ್ ಹಾಕುವುದು ದಡ್ಡತನ. ಬಿಸಿಲನ್ನೇ ತಡೆಯಬೇಕು. ನಾವು ಮಾಡಿದ್ದು ಇಷ್ಟು. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದೆವು. ಮಾಡಿನ ಮೇಲೆ ಎರಡು ಇಂಚು ಅಂತರ ಬಿಟ್ಟು ಇನ್ನೊಂದು ತಗಡು ಕೂರಿಸಿದೆವು, ನಡುವೆ ಗಾಳಿ ಆಡುವ ಹಾಗೆ ಎರಡೂ ತುದಿ ತೆರೆದು ಬಿಟ್ಟೆವು. ಮೇಲಿನ ತಗಡು ಬಿಸಿಲು ತಿನ್ನುತ್ತದೆ, ಕೆಳಗಿನದು ನೆರಳಿನಲ್ಲಿ ಇರುತ್ತದೆ. ಒಳಮಾಡಿಗೆ ಥರ್ಮಾಕೋಲ್ ಹಾಳೆ, ಅದನ್ನು ನಾಯಿ ಕಚ್ಚದ ಹಾಗೆ ಮೇಲೆ ತೆಳು ಪ್ಲೈವುಡ್. ನನ್ನನ್ನು ಕೇಳಿದರೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಮೊದಲು ಎರಡನೇ ಮಾಡಿಗೆ ಖರ್ಚು ಮಾಡಲಿ, ಫ್ಯಾನ್ ಆಮೇಲೆ.

ನಿಂತ ಗಾಡಿ ಬಿಸಿಲಲ್ಲಿ ಎಷ್ಟು ಬೇಗ ಕಾಯುತ್ತದೆ ಅಂತ ಅಳೆದವರಿದ್ದಾರೆ. 2005ರಲ್ಲಿ ಅಮೆರಿಕದ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ ಸುಮಾರು 22 ಡಿಗ್ರಿ ಏರಿತ್ತು. ಅದರಲ್ಲಿ ನೂರಕ್ಕೆ 80 ಭಾಗ ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. "ಗ್ಲಾಸ್ ಸ್ವಲ್ಪ ಇಳಿಸಿ ಬಂದಿದ್ದೀನಿ" ಅನ್ನುವ ಸಮಾಧಾನ ನಾಯಿಯ ಪಾಲಿಗೆ ಏನೂ ಅಲ್ಲ.

ಗಾಳಿಯ ದಾರಿ

ಬಿಸಿ ಗಾಳಿ ಮೇಲೇರುತ್ತದೆ. ಹಾಗಾಗಿ ಹೊಸ ಗಾಳಿ ಕೆಳಗಿನಿಂದ ಬಂದು, ಹಳೆಯದು ಮೇಲಿನಿಂದ ಹೋಗಬೇಕು. ಬರುವ ಬಾಯಿ ಒಂದು ಗೋಡೆಯಲ್ಲಿ, ಹೋಗುವ ಬಾಯಿ ಅದರ ಎದುರು ಗೋಡೆಯಲ್ಲಿ. ನಡುವೆ ನಾಯಿ. ಎರಡೂ ಅಕ್ಕಪಕ್ಕ ಇದ್ದರೆ ಗಾಳಿ ಹತ್ತಿರದ ದಾರಿ ಹಿಡಿದು ಬಂದ ಹಾಗೇ ಹೊರಟುಹೋಗುತ್ತದೆ, ಆಚೆ ಮೂಲೆಯಲ್ಲಿ ಮಲಗಿದ ನಾಯಿಗೆ ಅದರ ಸುಳಿವೂ ಇಲ್ಲ. ನಮ್ಮ ಮೊದಲ ಪೆಟ್ಟಿಗೆಯಲ್ಲಿ ಎಳೆಯುವ ಫ್ಯಾನ್ ಇದ್ದದ್ದು ಜಾಲರಿ ಬಾಗಿಲಿನ ಪಕ್ಕದಲ್ಲೇ. ಅದು ಬಾಗಿಲಿನ ಗಾಳಿಯನ್ನು ಎಳೆದು ಹೊರಗೆ ಬಿಡುತ್ತಿತ್ತು, ಅಷ್ಟೇ. ಎರಡು ನಾಯಿಗಳ ನಡುವೆ ಅಡ್ಡ ಹಲಗೆ ಇದ್ದರೆ ಅದೂ ಗಾಳಿಗೆ ಗೋಡೆಯೇ. ಅದಕ್ಕೆ ಹಲಗೆ ತೆಗೆದು ಜಾಲರಿ ಹಾಕಿಸಿದೆವು.

ಗಾಳಿ ಹೊರಗೆ ಹೋಗುವ ಕಿಂಡಿ ಫ್ಯಾನಿನ ಬಾಯಿಗಿಂತ ಕನಿಷ್ಠ ಒಂದೂವರೆ, ಎರಡು ಪಟ್ಟು ದೊಡ್ಡದಿರಬೇಕು. ಕಿಂಡಿ ಚಿಕ್ಕದಾದರೆ ಫ್ಯಾನ್ ಸುತ್ತುತ್ತಲೇ ಇರುತ್ತದೆ, ಗಾಳಿ ಮಾತ್ರ ಸಾಗುವುದಿಲ್ಲ. ಫ್ಯಾನ್ ಇದೆಯಲ್ಲ ಅಂತ ಉಳಿದ ಕಿಂಡಿಗಳನ್ನು ಕಡಿಮೆ ಮಾಡಲೂಬಾರದು. ಫ್ಯಾನ್ ಕೆಟ್ಟ ದಿನ ನಾಯಿಗೆ ಉಳಿಯುವುದು ಅವೇ. ಅಮೆರಿಕದ ಪ್ರಾಣಿ ಕಲ್ಯಾಣ ನಿಯಮಗಳಲ್ಲಿ ಇದಕ್ಕೊಂದು ಅಳತೆ ಇದೆ. ಎದುರುಬದುರು ಎರಡು ಗೋಡೆಗಳಲ್ಲಿ ಕಿಂಡಿ ಇಡುವುದಾದರೆ, ಒಂದೊಂದು ಗೋಡೆಯ ನೂರಕ್ಕೆ 16 ಭಾಗವಾದರೂ ತೆರೆದಿರಬೇಕು. ಕಿಂಡಿಗಳ ಮೂರರಲ್ಲಿ ಒಂದು ಪಾಲು ಪೆಟ್ಟಿಗೆಯ ಮೇಲಿನ ಅರ್ಧದಲ್ಲಿ ಇರಬೇಕು. ಪಕ್ಕದಲ್ಲಿ ಸಾಮಾನು ಒತ್ತಿ ಇಟ್ಟರೂ ಕಿಂಡಿ ಮುಚ್ಚದ ಹಾಗೆ ಹೊರಗೆ ಮುಕ್ಕಾಲು ಇಂಚಿನ ಅಂಚು ಇರಬೇಕು. ಈ ಕೊನೆಯದನ್ನು ಯಾರೇ ಆಗಲಿ ನಕಲು ಮಾಡಬೇಕು. ನಮ್ಮ ಪೆಟ್ಟಿಗೆಯ ಸುತ್ತ ಒಂದು ಇಂಚಿನ ಪಟ್ಟಿ ಬೆಸುಗೆ ಹಾಕಿಸಿದ್ದೇವೆ. ಜೋಳದ ಚೀಲ ಒರಗಿಸಿದರೂ ಗಾಳಿಗೆ ಜಾಗ ಉಳಿಯುತ್ತದೆ. ಮಳೆ ಬಂದಾಗ ಗಾಡಿಯವರು ಒಳ್ಳೆಯ ಮನಸ್ಸಿನಿಂದಲೇ ಟಾರ್ಪಾಲ್ ಹೊದಿಸಿಬಿಡುತ್ತಾರೆ. ಅದು ಕಿಂಡಿಗಳನ್ನೆಲ್ಲ ಮುಚ್ಚುತ್ತದೆ. ಟಾರ್ಪಾಲ್ ಬದಲು ಕಿಂಡಿಗಳ ಮೇಲೆ ಇಳಿಜಾರು ತಗಡಿನ ಸಜ್ಜಾ ಇರಲಿ.

ಇನ್ನೊಂದು ಮಾತು, ಇದನ್ನು ಗಮನ ಕೊಟ್ಟು ಓದಿ. ಓಡುವ ಗಾಡಿಯ ಬೆನ್ನಿನಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದು ಮತ್ತೆ ಗಾಡಿಯ ಕಡೆಗೇ ಬರುತ್ತದೆ. ಪೆಟ್ಟಿಗೆಯಿಂದ ಗಾಳಿ ಹೊರಗೆ ಎಳೆಯುವ ಫ್ಯಾನ್ ಮಾತ್ರ ಇದ್ದರೆ ಒಳಗೆ ಒತ್ತಡ ತಗ್ಗುತ್ತದೆ, ಸಿಕ್ಕ ಸಂದಿಯಿಂದೆಲ್ಲ ಗಾಳಿ ಒಳಗೆ ನುಗ್ಗುತ್ತದೆ. ಹಿಂದಿನ ಸಂದಿಯಿಂದ ನುಗ್ಗಿದ್ದು ಹೊಗೆಯೇ ಆಗಿರಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದಕ್ಕೆ ನಾವು ಫ್ಯಾನ್‌ಗಳನ್ನು ಒಳಗೆ ಗಾಳಿ ತಳ್ಳುವ ಹಾಗೆ ಕೂರಿಸಿದೆವು. ಶುದ್ಧ ಗಾಳಿ ಸಿಗುವ ಕಡೆಯಿಂದ ತಳ್ಳಿದರೆ ಪೆಟ್ಟಿಗೆಯೊಳಗೆ ಒತ್ತಡ ಸ್ವಲ್ಪ ಜಾಸ್ತಿ ಇರುತ್ತದೆ, ಸಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ.

ಶುದ್ಧ ಗಾಳಿ ಯಾವ ಕಡೆ ಇದೆ ಅಂತ ಊಹೆ ಮಾಡಲು ಹೋಗಬೇಡಿ. ಪಿಕಪ್ ತೊಟ್ಟಿಯಲ್ಲಿ ಗಾಳಿ ಕ್ಯಾಬಿನ್ ದಾಟಿ ಬಂದು ಸುಳಿ ಹೊಡೆಯುತ್ತದೆ. ಕೆಲವು ಕಡೆ ಹಿಂದಿನಿಂದ ಮುಂದಕ್ಕೂ ಬೀಸುತ್ತದೆ. ಪೆಟ್ಟಿಗೆಯ ನಾಲ್ಕೂ ಕಡೆ ಅಂಗೈ ಉದ್ದದ ಉಲ್ಲನ್ ದಾರ ಅಂಟಿಸಿ, ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಾ ನಾಯಿ ಇಲ್ಲದೆ ಒಂದೆರಡು ಕಿಲೋಮೀಟರ್ ಓಡಿಸಿ ನೋಡಿ. ದಾರ ಯಾವ ಕಡೆ ಹಾರುತ್ತದೋ ಅದು ಗಾಳಿಯ ದಾರಿ. ಫ್ಯಾನ್ ಆ ಗಾಳಿಯ ಜೊತೆ ಕೆಲಸ ಮಾಡಬೇಕು, ಎದುರು ನಿಲ್ಲಬಾರದು.

ಕೊಳ್ಳುವಾಗ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 12 ವೋಲ್ಟಿನ ಫ್ಯಾನ್ ಬೇಕಾದ ಅಳತೆಯಲ್ಲಿ ಸಿಗುತ್ತವೆ. ಕಂಪ್ಯೂಟರಿನೊಳಗೆ ಹಾಕುವ ಮಾಮೂಲಿ ಫ್ಯಾನ್ ಅಗ್ಗ. ಆದರೆ ಅದು ಧೂಳು, ನೀರು ತಡೆಯಲು ಮಾಡಿದ್ದಲ್ಲ. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಗುರುತು 55 ಅಥವಾ ಅದಕ್ಕಿಂತ ಹೆಚ್ಚು ಇರುವುದನ್ನು ಕೇಳಿ. ಬಾಲ್ ಬೇರಿಂಗ್ ಇರಲಿ. ಗಾಡಿ ಓಡುವಾಗ 12 ವೋಲ್ಟ್ ಅನ್ನುವ ಲೈನಿನಲ್ಲಿ ನಿಜವಾಗಿ 14 ವೋಲ್ಟ್ ಆಸುಪಾಸು ಬರುತ್ತದೆ, ಅಷ್ಟನ್ನು ತಡೆಯುತ್ತದೆಯೇ ಅಂತ ಲೇಬಲ್ ನೋಡಿ. ಗಾಳಿ ಯಾವ ಕಡೆ ಹೋಗುತ್ತದೆ ಅನ್ನುವುದಕ್ಕೆ ಫ್ಯಾನಿನ ಅಂಚಿನಲ್ಲೇ ಸಾಮಾನ್ಯವಾಗಿ ಬಾಣದ ಗುರುತು ಇರುತ್ತದೆ. ದಿಕ್ಕು ಬದಲಿಸಬೇಕಾದರೆ ಫ್ಯಾನನ್ನೇ ತಿರುಗಿಸಿ ಕೂರಿಸಬೇಕು. ಕೆಂಪು, ಕಪ್ಪು ವೈರು ಅದಲುಬದಲು ಮಾಡಿದರೆ ಅದು ಉಲ್ಟಾ ತಿರುಗುವುದಿಲ್ಲ, ಕೆಲವು ಸುಟ್ಟೇ ಹೋಗುತ್ತವೆ.

ಚಿಕ್ಕ ಫ್ಯಾನ್ ಜೋರಾಗಿ ಸುತ್ತುವುದಕ್ಕಿಂತ ದೊಡ್ಡ ಫ್ಯಾನ್ ನಿಧಾನವಾಗಿ ಸುತ್ತುವುದು ಮೇಲು. ಗಾಳಿ ಅಷ್ಟೇ, ಸದ್ದು ಕಡಿಮೆ. ನಮಗೆ 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಗೆ 45,000 ಹತ್ತಿರದವರೆಗೂ ಕೇಳುತ್ತದೆ. ನಮಗೆ ಕೇಳಿಸದ ಕೀರಲು ಸದ್ದು ಇಡೀ ದಿನ ಅದರ ಕಿವಿ ಪಕ್ಕದಲ್ಲಿ ಇರಬಹುದು. ಹೊಸ ಫ್ಯಾನ್ ಹಾಕಿದ ಮೇಲೆ ಬೆಳ್ಳಿಯನ್ನು ಪ್ರಯಾಣಕ್ಕೆ ಮೊದಲು ಒಂದು ವಾರ, ನಿಂತ ಗಾಡಿಯಲ್ಲಿ, ಬಾಗಿಲು ತೆರೆದಿಟ್ಟು, ಹತ್ತು ಹತ್ತು ನಿಮಿಷ ಕೂರಿಸಿ ರೂಢಿ ಮಾಡಿಸಿದೆವು. ಹೆದರದ ನಾಯಿ ಕಡಿಮೆ ತೇಕುತ್ತದೆ. ಹಾಗಾಗಿ ಇದೂ ಗಾಳಿಯ ಲೆಕ್ಕಕ್ಕೇ ಸೇರಿದ್ದು.

ಒಳಗಡೆ ಫ್ಯಾನಿಗೆ ಗಟ್ಟಿ ಕಬ್ಬಿಣದ ಜಾಲರಿ ಬೇಕೇ ಬೇಕು. ಮುಧೋಳದ ಬಾಲ ತೆಳ್ಳಗೆ, ಉದ್ದ. ವೈರು ಒಂದಿಂಚೂ ಒಳಗೆ ಕಾಣಬಾರದು, ಎಲ್ಲ ಪೆಟ್ಟಿಗೆಯ ಹೊರಗೆ ಪೈಪಿನಲ್ಲಿ ಹೋಗಲಿ.

ಗಾಡಿ ನಿಂತಾಗ

ಮೊದಲ ಪೆಟ್ಟಿಗೆಗೆ ವೈರಿಂಗ್ ಮಾಡಿಕೊಟ್ಟವರು ಫ್ಯಾನನ್ನು ಗಾಡಿಯ ಕೀಗೆ ಸೇರಿಸಿದ್ದರು. ಕೀ ತಿರುಗಿಸಿದರೆ ಫ್ಯಾನ್ ಶುರು, ತೆಗೆದರೆ ಬಂದ್. ಅನುಕೂಲವೇ ಆಯಿತಲ್ಲ ಅಂದುಕೊಂಡಿದ್ದೆವು. ಚಿತ್ರದುರ್ಗ ದಾಟಿ ಊಟಕ್ಕೆ ನಿಲ್ಲಿಸಿದೆವು. ಮರದ ನೆರಳು ಅಂತ ನಿಲ್ಲಿಸಿದ್ದು, ಸ್ವಲ್ಪ ಹೊತ್ತಿಗೆ ನೆರಳು ಸರಿದಿತ್ತು. ನಾಯಿಗಳಿಗೆ ನೀರು ಕೊಡಲು ಬಂದಾಗ ಕೆಂಚ ನಾಲಿಗೆ ಪೂರ್ತಿ ಚಾಚಿ, ಗೋಡೆಗೆ ಒರಗಿ ನಿಂತಿದ್ದ. ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು. ಹೆಸರು ಕರೆದರೆ ತಿರುಗಲಿಲ್ಲ. ಹೋಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಹೊರಗೆ ತೆಗೆದು, ನೆರಳಲ್ಲಿ ಮಲಗಿಸಿ, ಹೊಟ್ಟೆ, ತೊಡೆಸಂದಿಗೆಲ್ಲ ನೀರು ಸುರಿದು, ಟವೆಲಿನಿಂದ ಗಾಳಿ ಬೀಸಿದೆವು. ಅವನು ಬದುಕಿಕೊಂಡ. ಆ ದೃಶ್ಯ ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಓಡುವ ಗಾಡಿಯಲ್ಲಿ ಕಿಂಡಿಗಳಿಂದಲೇ ಬೇಕಾದಷ್ಟು ಗಾಳಿ ಬರುತ್ತದೆ. ಫ್ಯಾನ್ ನಿಜಕ್ಕೂ ಬೇಕಾಗುವುದು ಗಾಡಿ ನಿಂತಾಗ. ಟೋಲಿನ ಸಾಲಿನಲ್ಲಿ, ರೈಲ್ವೆ ಗೇಟಿನಲ್ಲಿ, ಪಂಚರ್ ಅಂಗಡಿಯ ಮುಂದೆ. ಕೀಗೆ ಸೇರಿಸಿದ ಫ್ಯಾನ್ ಸರಿಯಾಗಿ ಆಗಲೇ ನಿಲ್ಲುತ್ತದೆ.

ಈಗಿನ ಪೆಟ್ಟಿಗೆಗೆ ಬೇರೆಯದೇ ಬ್ಯಾಟರಿ ಇದೆ, ಯುಪಿಎಸ್‌ಗೆ ಹಾಕುವಂಥ 12 ವೋಲ್ಟ್, 7 ಆಂಪಿಯರ್-ಗಂಟೆಯದು. ನಮ್ಮ ಫ್ಯಾನ್ ತಲಾ ಅರ್ಧ ಆಂಪಿಯರ್ ಎಳೆಯುತ್ತದೆ, ಎರಡೂ ಸೇರಿ ಒಂದು. ಬ್ಯಾಟರಿ ಅರ್ಧ ಖಾಲಿಯಾಗುವವರೆಗೆ ಮಾತ್ರ ಬಳಸಿದರೂ ಮೂರು ಗಂಟೆ ಸಿಗುತ್ತದೆ. ಇಂಜಿನ್ ಓಡುವಾಗ ರಿಲೇ (ತಾನಾಗಿ ಆನ್, ಆಫ್ ಆಗುವ ಸ್ವಿಚ್) ಮೂಲಕ ಅದು ಚಾರ್ಜ್ ಆಗುತ್ತದೆ, ನಿಂತಾಗ ಗಾಡಿಯ ಬ್ಯಾಟರಿಯಿಂದ ಕಳಚಿಕೊಳ್ಳುತ್ತದೆ. ಆಟೋ ಎಲೆಕ್ಟ್ರಿಷಿಯನ್‌ಗೆ ಇದು ಸಣ್ಣ ಕೆಲಸ. ಎರಡು ವಿಷಯ ಮಾತ್ರ ಬಿಡದೆ ಹೇಳಿ ಮಾಡಿಸಿ. ಒಂದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. ಇಷ್ಟು ಚಿಕ್ಕ ಲೋಡಿಗೆ 3 ಆಂಪಿಯರಿನದು ಸಾಕು. ದಾರಿಯಲ್ಲಿ ವೈರು ತಗಡಿಗೆ ಉಜ್ಜಿ ಶಾರ್ಟ್ ಆದರೆ, ಫ್ಯೂಸ್ ಫ್ಯಾನಿನ ಹತ್ತಿರ ಇದ್ದು ಏನೂ ಪ್ರಯೋಜನವಿಲ್ಲ. ಎರಡು, ಅರ್ತ್‌ಗೆ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಗೆ, ಗಾಡಿಯ ಬಾಡಿ ನಂಬಬೇಡಿ. ತೊಟ್ಟಿಯ ಬೋಲ್ಟು ತುಕ್ಕು ಹಿಡಿದು ಫ್ಯಾನ್ ಆಗಾಗ ನಿಲ್ಲುತ್ತದೆ. ಕಪ್ಪು ವೈರನ್ನೂ ಬ್ಯಾಟರಿಯವರೆಗೆ ಎಳೆಸಿ.

ಡಬ್ಲ್ಯೂ 1209 ಅಂತ ಒಂದು ಸಣ್ಣ ಬೋರ್ಡ್ ಸಿಗುತ್ತದೆ. ಬಿಸಿ ಇಷ್ಟಾದರೆ ಫ್ಯಾನ್ ಆನ್, ಇಷ್ಟಕ್ಕಿಳಿದರೆ ಆಫ್ ಅಂತ ಹೊಂದಿಸಬಹುದು. ತುಂಬಾ ಜನ ಹಾಕಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದರ ಸೆನ್ಸರ್ ವೈರು ಕಿತ್ತರೆ ಫ್ಯಾನ್ ಶುರುವೇ ಆಗದೇ ಇರಬಹುದು, ನಮಗೆ ಗೊತ್ತೂ ಆಗುವುದಿಲ್ಲ. ಫ್ಯಾನ್ ಸದಾ ಓಡಲಿ. ಆ ಬೋರ್ಡನ್ನು ಕ್ಯಾಬಿನ್ನಿನ ಬಜರ್‌ಗೆ ಸೇರಿಸಿ, 32 ಡಿಗ್ರಿ ದಾಟಿದರೆ ಕೂಗುವ ಹಾಗೆ ಇಡಿ. ನಾವು ಹಾಗೆ ಮಾಡಿದ್ದೇವೆ.

ಒಣ ಊರು, ತೇವದ ಊರು

ಬಯಲುಸೀಮೆಯಲ್ಲಿ ಲಾವಂಚದ ಚಾಪೆಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟುವುದು ಹಳೆಯ ರೂಢಿ. ಫ್ಯಾನ್ ಗಾಳಿ ಎಳೆಯುವ ಬಾಯಿಗೆ ಒದ್ದೆ ಲಾವಂಚ ಕಟ್ಟಿದರೆ, ಆಗ ಮಾತ್ರ ಒಳಗೆ ಹೊರಗಿಗಿಂತ ತಂಪಾದ ಗಾಳಿ ಬರುತ್ತದೆ. ಆದರೆ ಊರು ನೋಡಿ ಮಾಡಬೇಕು. 40 ಡಿಗ್ರಿ ಇದ್ದು ತೇವಾಂಶ ನೂರಕ್ಕೆ 20 ಇರುವ ಬಾಗಲಕೋಟೆಯ ಮಧ್ಯಾಹ್ನ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23ರ ಹತ್ತಿರಕ್ಕೆ ಇಳಿಯುತ್ತದೆ. ಒದ್ದೆ ಚಾಪೆ ಗಾಳಿಯನ್ನು ತಂಪು ಮಾಡುವುದೂ ಹೆಚ್ಚೆಂದರೆ ಅಲ್ಲಿಯವರೆಗೆ. ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ 75 ಇದ್ದರೆ ಅದು ಇಳಿಯುವುದು 29ಕ್ಕೆ ಮಾತ್ರ. ಅಲ್ಲಿ ಲಾವಂಚ ಕಟ್ಟಿದರೆ ತಂಪು ಸ್ವಲ್ಪ, ತೇವ ಜಾಸ್ತಿ. ಅದರಿಂದ ತೇಕುವ ನಾಯಿಗೆ ತೊಂದರೆಯೇ. ಕರಾವಳಿಯವರು ಒದ್ದೆ ಚಾಪೆ ಬಿಟ್ಟು, ಗಾಳಿ ಇನ್ನಷ್ಟು ಸಾಗುವ ಹಾಗೆ ಮಾಡಿಕೊಳ್ಳಬೇಕು. ಚಾಪೆ ದಪ್ಪವಾದರೆ ಗಾಳಿಗೆ ತಡೆ ಅನ್ನುವುದನ್ನೂ ಮರೆಯಬೇಡಿ, ತೆಳ್ಳಗೆ ಕಟ್ಟಿ.

ಲಾವಂಚ ಇಲ್ಲದೆ, ಹೊರಗಿನ ಗಾಳಿಯೇ 39, 40 ಆದರೆ ಫ್ಯಾನ್ ನಾಯಿಯ ಮೈಗೆ ಬಿಸಿಯನ್ನೇ ತಂದು ಹಚ್ಚುತ್ತದೆ. ಅಮೆರಿಕದ ನಿಯಮ ನಾಯಿ ಇರುವ ಜಾಗ 29.5 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ 4 ಗಂಟೆಗಿಂತ ಜಾಸ್ತಿ ಇರಬಾರದು ಅನ್ನುತ್ತದೆ. ನಮ್ಮ ಬೇಸಿಗೆಗೆ ಅದು ಕಷ್ಟವೇ. ಅದಕ್ಕೆ ನಾವು ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಊಟ ಮುಗಿಸಿ ಹೊರಟು, ಬೆಳಗಿನ ಬಿಸಿಲು ಏರುವುದರೊಳಗೆ ಬೆಂಗಳೂರು ಸೇರುತ್ತೇವೆ. ನಮ್ಮ ದೇಶದ 1978ರ ಪ್ರಾಣಿ ಸಾಗಾಟ ನಿಯಮಗಳ ಪ್ರಕಾರ ನಾಯಿಗೆ ಬೇಸಿಗೆಯಲ್ಲಿ 4 ಗಂಟೆಗೊಮ್ಮೆ, ಚಳಿಗಾಲದಲ್ಲಿ 6 ಗಂಟೆಗೊಮ್ಮೆ ನೀರು ಕೊಡಬೇಕು. ನಾವು ಎರಡು ಗಂಟೆಗೊಮ್ಮೆ ಕೊಡುತ್ತೇವೆ. ಮೇಲಿನ 225 ಗ್ರಾಂ ಲೆಕ್ಕ ನೆನಪಿರಲಿ, ನಾಯಿ ಕಳೆದುಕೊಂಡ ನೀರು ಅದಕ್ಕೆ ವಾಪಸ್ ಸಿಗಬೇಕಲ್ಲ.

ಇಷ್ಟೆಲ್ಲ ಮಾಡಿಯೂ ನಾಯಿ ತೂರಾಡಿದರೆ, ವಾಂತಿ ಮಾಡಿದರೆ, ಒಸಡು ಕಡುಕೆಂಪಾದರೆ ಆಸ್ಪತ್ರೆ ಹುಡುಕುತ್ತಾ ಓಡುವ ಮೊದಲು ಅಲ್ಲೇ ತಣ್ಣಗೆ ಮಾಡಿ. ಮೊದಲು ತಂಪು, ಆಮೇಲೆ ಪ್ರಯಾಣ ಅನ್ನುವುದೇ ಈಗ ಪಶುವೈದ್ಯರ ಸಲಹೆ. ನೀರು ಸುರಿಯಿರಿ, ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಹೊರಡುವ ಮೊದಲು

ಕೆಲಸ ಮುಗಿದ ಮೇಲೆ ನಾಯಿಯನ್ನು ಕೂರಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದಕ್ಕೆ ಊದಿನಕಡ್ಡಿ ಸಾಕು. ಫ್ಯಾನ್ ಓಡಿಸಿ, ಹಚ್ಚಿದ ಕಡ್ಡಿಯನ್ನು ಒಳಗೆ ನಾಲ್ಕೂ ಮೂಲೆಯಲ್ಲಿ, ನಾಯಿ ಮಲಗಿದಾಗ ಮೂತಿ ಬರುವ ಎತ್ತರದಲ್ಲಿ ಹಿಡಿಯಿರಿ. ಹೊಗೆ ಒಂದೇ ಕಡೆ ಎಳೆದುಕೊಂಡು ಹೋಗಬೇಕು. ಎಲ್ಲಿ ನಿಂತಲ್ಲೇ ಸುತ್ತುತ್ತದೋ ಅಲ್ಲಿ ಗಾಳಿ ಸಾಗುತ್ತಿಲ್ಲ. ನಮ್ಮದರಲ್ಲಿ ಬಾಗಿಲ ಪಕ್ಕದ ಕೆಳಮೂಲೆ ಹಾಗಿತ್ತು, ಅಲ್ಲಿ ಇನ್ನೂ ನಾಲ್ಕು ತೂತು ಕೊರೆಸಿದೆವು.

ಇನ್ನೊಂದು ಬಲ್ಬಿನ ಪರೀಕ್ಷೆ. ಹಳೆಯ ಕಾಲದ ತಂತಿ ಬಲ್ಬು, ಒಟ್ಟು 150 ವ್ಯಾಟ್ ಆಗುವಷ್ಟು, ಪೆಟ್ಟಿಗೆಯೊಳಗೆ ಯಾವುದಕ್ಕೂ ತಾಗದ ಹಾಗೆ ಇಡಿ. ಅದು ಎರಡು ನಾಯಿಗಳ ಬಿಸಿಗೆ ಸಮ. ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿ, ಬಾಗಿಲು ಹಾಕಿ, ಫ್ಯಾನ್ ಓಡಿಸಿ, ಒಂದು ಗಂಟೆ ಬಿಟ್ಟು ಒಳಗಿನ ಮತ್ತು ಹೊರಗಿನ ನೆರಳಿನ ಬಿಸಿ ಅಳೆಯಿರಿ. ಮೊದಲ ಪೆಟ್ಟಿಗೆಯಲ್ಲಿ ನಮಗೆ 11 ಡಿಗ್ರಿ ವ್ಯತ್ಯಾಸ ಬಂತು. ಎರಡನೆಯದರಲ್ಲಿ 4. ಮೂರು ಬರಲಿ ಅಂತ ಲೆಕ್ಕ ಹಾಕಿದ್ದೆವು, ನಾಲ್ಕಕ್ಕೆ ಒಪ್ಪಿಕೊಂಡೆವು.

ಪ್ರತಿ ಪ್ರಯಾಣ ಮುಗಿದ ಮೇಲೆ ಬಣ್ಣ ಬಳಿಯುವ ಹಳೆಯ ಬ್ರಷ್ ತೆಗೆದುಕೊಂಡು ಜಾಲರಿ ತಿಕ್ಕುತ್ತೇನೆ. ಮುಧೋಳಕ್ಕೆ ಕೂದಲು ಕಡಿಮೆ ಅಂತಾರೆ, ಆದರೂ ಒಂದು ಹಿಡಿ ಬರುತ್ತದೆ, ಜೊತೆಗೆ ಎರೆ ಮಣ್ಣಿನ ಪುಡಿ. ಆಮೇಲೆ ಫ್ಯಾನ್ ಹಾಕಿ, ಹೋಗುವ ಕಿಂಡಿಯ ಮುಂದೆ ಅಂಗೈ ಹಿಡಿದು ನೋಡುತ್ತೇನೆ. ಗಾಳಿ ಮೊದಲಿನಷ್ಟು ತಾಗಿದರೆ ಸರಿ. ಕಡಿಮೆ ಅನಿಸಿದರೆ ಮತ್ತೆ ತಿಕ್ಕುತ್ತೇನೆ.